ಗದ್ದೆ ಕೆಲಸ ಬಿಟ್ಟದ್ದಕ್ಕೇ ಬೊಜ್ಜು ಬಂತೇ? ಕೊಡಗಿನ ಒಂದು ನಂಬಿಕೆ ಮತ್ತು ಶಕ್ತಿವ್ಯಯದ ವಿಜ್ಞಾನ

ಕೊಡಗಿನಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತು ಬಂದಾಗ ಕೇಳಿಬರುವ ವಿವರಣೆ ಹೆಚ್ಚುಕಡಿಮೆ ಒಂದೇ. ಹಿಂದಿನವರು ಗದ್ದೆ ಉಳುತ್ತಿದ್ದರು, ನಾಟಿ ಮಾಡುತ್ತಿದ್ದರು, ಬಾಣೆಯಿಂದ (ಗದ್ದೆಗೆ ಸೇರಿದ ಕಾಡುಜಮೀನಿನಿಂದ) ಸೌದೆ ಹೊರುತ್ತಿದ್ದರು, ನೆಂಟರ ಮನೆಗೆ ಗುಡ್ಡ ಹತ್ತಿಳಿದು ನಡೆದೇ ಹೋಗುತ್ತಿದ್ದರು. ಹಾಗಾಗಿ ಪಂದಿಕರಿಯನ್ನೂ (ಹಂದಿಮಾಂಸದ ಸಾರು) ಕಡಂಬಿಟ್ಟನ್ನೂ (ಅಕ್ಕಿ ತರಿಯ ಉಂಡೆ) ಎಷ್ಟು ತಿಂದರೂ ಅವರಿಗೆ ಕರಗುತ್ತಿತ್ತು. ಈಗ ಗದ್ದೆಗಳು ಪಾಳು ಬಿದ್ದಿವೆ, ಇಲ್ಲವೇ ಕಾಫಿಗೂ ಶುಂಠಿಗೂ ತಿರುಗಿವೆ. ತೋಟದ ಒಳಗೆ ಹೋಗುವುದಕ್ಕೂ ಜೀಪು ಬೇಕಾಗಿದೆ. ಆದ್ದರಿಂದ ತಿಂದದ್ದೆಲ್ಲ ಹೊಟ್ಟೆಯ ಸುತ್ತ ಕೂರುತ್ತದೆ. ಐನ್‌ಮನೆಯ ಜಗಲಿಯಲ್ಲೂ ಗೋಣಿಕೊಪ್ಪದ ಔಷಧಿ ಅಂಗಡಿಯ ಮುಂದೆಯೂ ಇದೇ ಮಾತು, ವೈದ್ಯರ ಸಲಹೆಯೂ ಬಹಳ ಸಲ ಇದರ ಮೇಲೆಯೇ ನಿಂತಿರುತ್ತದೆ: ‘ದಿನಾ ನಡೆಯಿರಿ, ತೂಕ ಇಳಿಯುತ್ತದೆ.’

ಈ ವಿವರಣೆಯಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಆದರೆ ಕಳೆದ ಹದಿನೈದು ವರ್ಷಗಳಲ್ಲಿ ಮನುಷ್ಯರು ದಿನವೊಂದಕ್ಕೆ ನಿಜವಾಗಿ ಎಷ್ಟು ಶಕ್ತಿ ವ್ಯಯಿಸುತ್ತಾರೆ ಎಂಬುದನ್ನು ಅಳೆದು ನೋಡಿದ ಅಧ್ಯಯನಗಳ ಒಟ್ಟು ಫಲಿತಾಂಶ ಈ ನಂಬಿಕೆಯೊಂದಿಗೆ ಸರಿಹೊಂದುವುದಿಲ್ಲ. ಅವುಗಳನ್ನು ಕೂಡಿಸಿ ಓದಿದರೆ ದುಡಿಮೆ ಕಡಿಮೆಯಾದದ್ದು ತೂಕ ಏರಿದ್ದಕ್ಕೆ ಸಣ್ಣ ಕಾರಣವಾಗಿಯೂ ಊಟ ಬದಲಾದದ್ದು ದೊಡ್ಡ ಕಾರಣವಾಗಿಯೂ ತೋರುತ್ತದೆ. ದುಡಿಮೆ ಕಡಿಮೆಯಾದದ್ದರಿಂದ ಆದ ನಿಜವಾದ ನಷ್ಟ ಬೇರೆಡೆ ಇದ್ದು, ಅದು ತೂಕದ ಯಂತ್ರದ ಮೇಲೆ ಕಾಣಿಸುವುದಿಲ್ಲ.

ಸಮಸ್ಯೆಯ ಗಾತ್ರದ ಬಗ್ಗೆ ವಿವಾದವಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇರುವ ಮಹಿಳೆಯರ ಪ್ರಮಾಣ 2015–16ರಲ್ಲಿ ಶೇ. 20.6 ಇದ್ದದ್ದು 2019–21ರ ವೇಳೆಗೆ ಶೇ. 24ಕ್ಕೆ, ಪುರುಷರಲ್ಲಿ ಶೇ. 18.9ರಿಂದ ಶೇ. 22.9ಕ್ಕೆ ಏರಿತು. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್‌–ಇಂಡಿಯಾಬ್ ಅಧ್ಯಯನ ಸೊಂಟದ ಸುತ್ತಳತೆಯನ್ನು ಆಧಾರವಾಗಿಟ್ಟುಕೊಂಡು ಭಾರತದ ವಯಸ್ಕರಲ್ಲಿ ಶೇ. 39.5ರಷ್ಟು ಜನರಿಗೆ ಹೊಟ್ಟೆಯ ಬೊಜ್ಜು ಇದೆಯೆಂದು ಅಂದಾಜು ಮಾಡಿತು. ಎರಡು ಲೆಕ್ಕಗಳ ನಡುವೆ ಇಷ್ಟು ಅಂತರವೇಕೆ ಎಂಬುದನ್ನು ಮುಂದೆ ನೋಡೋಣ.

ದೇಹ ದಿನವಿಡೀ ಬಳಸುವ ಶಕ್ತಿಯಲ್ಲಿ ದೊಡ್ಡ ಪಾಲು, ಸಾಮಾನ್ಯವಾಗಿ ಶೇ. 60ರಿಂದ 70ರಷ್ಟು, ಸುಮ್ಮನೆ ಮಲಗಿದ್ದರೂ ನಡೆಯುತ್ತಿರುವ ಕೆಲಸಗಳಿಗೆ ಸಲ್ಲುತ್ತದೆ: ಮಿದುಳು, ಯಕೃತ್ತು, ಮೂತ್ರಪಿಂಡ, ಹೃದಯಗಳ ನಿರ್ವಹಣೆ, ಜೀವಕೋಶಗಳ ದುರಸ್ತಿ, ದೇಹದ ಉಷ್ಣತೆಯ ರಕ್ಷಣೆ. ಇದನ್ನು ಮೂಲ ಚಯಾಪಚಯ ಎನ್ನುತ್ತಾರೆ. ತಿಂದದ್ದನ್ನು ಅರಗಿಸಿಕೊಳ್ಳುವುದಕ್ಕೇ ಶೇ. 10ರಷ್ಟು ಬೇಕು. ಉಳಿದದ್ದು ಓಡಾಟ, ದುಡಿಮೆ, ಆಟ, ಅಷ್ಟೇಕೆ, ಕುಳಿತಲ್ಲೇ ಕಾಲು ಅಲ್ಲಾಡಿಸುವುದಕ್ಕೂ ಸೇರಿದ್ದು. ಹಳೆಯ ಲೆಕ್ಕಾಚಾರ ಈ ಮೂರನ್ನೂ ಬಿಡಿಬಿಡಿಯಾಗಿ ಅಂದಾಜು ಮಾಡಿ ಕೂಡಿಸುತ್ತಿತ್ತು. ದುಡಿಮೆ ಹೆಚ್ಚಿಸಿದರೆ ಒಟ್ಟು ಮೊತ್ತ ಅಷ್ಟೇ ಹೆಚ್ಚುತ್ತದೆ, ಉಳಿದೆರಡು ಭಾಗಗಳು ಹಾಗೆಯೇ ಇರುತ್ತವೆ ಎಂಬುದು ಅದರ ಹಿಂದಿದ್ದ ಊಹೆ. ಊಹೆಯೆಂದು ಯಾರೂ ಗಮನಿಸದಷ್ಟು ಅದು ಸಹಜವಾಗಿ ಕಾಣುತ್ತಿತ್ತು.

ಅದನ್ನು ಪರೀಕ್ಷಿಸಲು ಸಾಧ್ಯವಾದದ್ದು ಒಂದು ಅಪರೂಪದ ವಿಧಾನದಿಂದ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿದ್ದ ನೇಥನ್ ಲಿಫ್ಸನ್ ಮತ್ತು ಅವರ ಸಹೋದ್ಯೋಗಿಗಳು 1950ರ ದಶಕದಲ್ಲಿ ಪ್ರಾಣಿಗಳ ಮೇಲೆ ರೂಪಿಸಿದ ಈ ವಿಧಾನವನ್ನು 1982ರಲ್ಲಿ ಡೇಲ್ ಶೋಲರ್ ಮೊದಲ ಬಾರಿಗೆ ಮನುಷ್ಯರಿಗೆ ಅನ್ವಯಿಸಿದರು. ವ್ಯಕ್ತಿಗೆ ಕುಡಿಯಲು ಕೊಡುವ ನೀರಿನಲ್ಲಿ ಜಲಜನಕದ ಭಾರವಾದ ರೂಪ ಡ್ಯುಟೀರಿಯಂ, ಆಮ್ಲಜನಕದ ಭಾರವಾದ ರೂಪ ಆಕ್ಸಿಜನ್‌–18, ಎರಡೂ ಬೆರೆತಿರುತ್ತವೆ. ಇವು ವಿಕಿರಣಶೀಲವಲ್ಲ, ಅಪಾಯಕಾರಿಯೂ ಅಲ್ಲ. ಡ್ಯುಟೀರಿಯಂ ದೇಹದಿಂದ ನೀರಿನ ರೂಪದಲ್ಲಷ್ಟೇ ಹೊರಬರುತ್ತದೆ. ಆಕ್ಸಿಜನ್‌–18 ನೀರಿನೊಂದಿಗೂ, ಉಸಿರಿನ ಇಂಗಾಲದ ಡೈಆಕ್ಸೈಡ್‌ನೊಂದಿಗೂ ಹೊರಹೋಗುತ್ತದೆ. ಹಾಗಾಗಿ ಒಂದೆರಡು ವಾರ ಮೂತ್ರದ ಮಾದರಿ ಸಂಗ್ರಹಿಸಿ ಎರಡೂ ಕಡಿಮೆಯಾಗುವ ವೇಗದ ಅಂತರವನ್ನು ನೋಡಿದರೆ, ಆ ವ್ಯಕ್ತಿ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಿಟ್ಟ, ಅಂದರೆ ಎಷ್ಟು ಶಕ್ತಿ ಬಳಸಿದ ಎಂಬುದು ತಿಳಿಯುತ್ತದೆ. ಇದರ ಹೆಚ್ಚುಗಾರಿಕೆ ಎಂದರೆ ವ್ಯಕ್ತಿಯನ್ನು ಪ್ರಯೋಗಾಲಯದಲ್ಲಿ ಕೂಡಿಹಾಕಬೇಕಾಗಿಲ್ಲ. ಅವನು ಕಾಫಿ ಕುಯ್ಯಲಿ, ಕಾಡಿಗೆ ಹೋಗಲಿ, ಅವನ ನಿತ್ಯದ ಬದುಕೇ ಅಳತೆಗೆ ಸಿಗುತ್ತದೆ. ಏನು ತಿಂದಿರಿ, ಎಷ್ಟು ನಡೆದಿರಿ ಎಂದು ಕೇಳಿ ಬರೆದುಕೊಳ್ಳುವ ಪ್ರಶ್ನಾವಳಿಗಳಿಗೆ ಹೋಲಿಸಿದರೆ ಇದರ ನಿಖರತೆ ಎಷ್ಟೋ ಮೇಲು, ಏಕೆಂದರೆ ತಿಂದದ್ದನ್ನು ಕಡಿಮೆ ಹೇಳುವುದು, ನಡೆದದ್ದನ್ನು ಹೆಚ್ಚು ಹೇಳುವುದು ಎಲ್ಲ ಊರಿನವರ ಸ್ವಭಾವ.

ಈ ವಿಧಾನವನ್ನು ಹೊತ್ತು ಅಮೆರಿಕದ ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಸರ್ ಮತ್ತು ಅವರ ತಂಡ ಉತ್ತರ ಟಾಂಜಾನಿಯಾದ ಹಡ್ಜಾ ಸಮುದಾಯದ ಬಳಿಗೆ ಹೋಯಿತು. ಹಡ್ಜಾಗಳು ಇಂದಿಗೂ ಬೇಟೆ, ಗೆಡ್ಡೆ, ಜೇನು, ಹಣ್ಣುಗಳಿಂದ ಬದುಕುವವರು. ಅವರ ಗಂಡಸರು ದಿನಕ್ಕೆ ಸರಾಸರಿ 11 ಕಿಲೋಮೀಟರಿಗೂ ಹೆಚ್ಚು, ಹೆಂಗಸರು ಸುಮಾರು 6 ಕಿಲೋಮೀಟರ್ ನಡೆಯುತ್ತಿದ್ದರು. ಕುರ್ಚಿಯಲ್ಲಿ ಕೂತು ದುಡಿಯುವ ಅಮೆರಿಕನ್ನರಿಗಿಂತ ಅವರು ನೂರಾರು ಕ್ಯಾಲರಿ ಹೆಚ್ಚು ವ್ಯಯಿಸುತ್ತಾರೆಂದು ಎಲ್ಲರೂ ನಿರೀಕ್ಷಿಸಿದ್ದರು. 2012ರಲ್ಲಿ ಪ್ರಕಟವಾದ ಫಲಿತಾಂಶ ಬೇರೆಯೇ ಆಗಿತ್ತು: ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಎರಡೂ ಗುಂಪುಗಳ ದೈನಂದಿನ ಶಕ್ತಿವ್ಯಯ ಹೆಚ್ಚುಕಡಿಮೆ ಸಮನಾಗಿತ್ತು. 2016ರಲ್ಲಿ ಘಾನಾ, ದಕ್ಷಿಣ ಆಫ್ರಿಕಾ, ಸೀಶೆಲ್ಸ್, ಜಮೈಕಾ ಮತ್ತು ಅಮೆರಿಕದ 332 ವಯಸ್ಕರನ್ನು ಅಳೆದಾಗ, ಚಟುವಟಿಕೆ ತೀರಾ ಕಡಿಮೆ ಇದ್ದವರಿಂದ ಮಧ್ಯಮ ಮಟ್ಟದವರ ತನಕ ಶಕ್ತಿವ್ಯಯ ಏರುತ್ತಾ ಹೋಗಿ, ಅಲ್ಲಿಂದ ಮುಂದೆ ಚಟುವಟಿಕೆ ಹೆಚ್ಚಿದರೂ ಒಟ್ಟು ವ್ಯಯ ಏರದೆ ಸಮತಟ್ಟಾಗುವುದು ಕಂಡುಬಂತು.

ಪಾಂಟ್ಸರ್ ಕೊಟ್ಟ ವಿವರಣೆಯನ್ನು ಹೀಗೆ ಹೇಳಬಹುದು: ನಿಗದಿತ ಸೇನಾ ಪಿಂಚಣಿಯಲ್ಲಿ ಮನೆ ನಡೆಸುವವರು ಒಂದು ಕಡೆ ಖರ್ಚು ಹೆಚ್ಚಾದ ತಿಂಗಳು ಇನ್ನೊಂದು ಕಡೆ ಕೈ ಬಿಗಿಹಿಡಿಯುವಂತೆ, ದೀರ್ಘಕಾಲ ಹೆಚ್ಚು ದುಡಿಯುವ ದೇಹ ತನ್ನ ಒಳಗಿನ ಇತರ ವೆಚ್ಚಗಳನ್ನು, ಉರಿಯೂತದ ಪ್ರತಿಕ್ರಿಯೆ, ಒತ್ತಡದ ಹಾರ್ಮೋನುಗಳು, ಸಂತಾನ ಸಂಬಂಧಿ ಹಾರ್ಮೋನುಗಳು ಇತ್ಯಾದಿಗಳನ್ನು, ಸ್ವಲ್ಪ ಸ್ವಲ್ಪ ಇಳಿಸಿಕೊಳ್ಳುತ್ತದೆ. 2021ರಲ್ಲಿ 1,754 ವಯಸ್ಕರ ದತ್ತಾಂಶದ ವಿಶ್ಲೇಷಣೆ ಈ ಹೊಂದಾಣಿಕೆಗೆ ಒಂದು ಪ್ರಮಾಣವನ್ನೂ ಕೊಟ್ಟಿತು. ಚಟುವಟಿಕೆಯಲ್ಲಿ ಹೆಚ್ಚುವರಿಯಾಗಿ ವ್ಯಯಿಸಿದ ಶಕ್ತಿಯ ಸರಾಸರಿ ಶೇ. 28ರಷ್ಟನ್ನು ದೇಹ ಬೇರೆ ಕಡೆ ಉಳಿಸಿಕೊಳ್ಳುತ್ತದೆ. ದೇಹದ ಕೊಬ್ಬು ಹೆಚ್ಚಿದ್ದವರಲ್ಲಿ ಈ ಉಳಿತಾಯ ಇನ್ನೂ ಹೆಚ್ಚು. ಅಂದರೆ ನಡಿಗೆಯಿಂದ ತೂಕ ಇಳಿಸಿಕೊಳ್ಳಬೇಕೆಂದು ಯಾರಿಗೆ ಒತ್ತಾಯಿಸುತ್ತೇವೆಯೋ ಅವರಿಗೇ ಅದರ ಫಲ ಕಡಿಮೆ. ಇದು ಅನ್ಯಾಯವೆನಿಸಬಹುದು, ಆದರೆ ‘ಇಷ್ಟು ನಡೆದರೂ ಇಳಿಯುತ್ತಿಲ್ಲ’ ಎನ್ನುವವರನ್ನು ಸುಳ್ಳುಗಾರರೆಂದೋ ಸೋಮಾರಿಗಳೆಂದೋ ನೋಡುವ ನಮ್ಮ ಅಭ್ಯಾಸವನ್ನಾದರೂ ಇದು ತಿದ್ದಬೇಕು.

ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಎಪ್ಪತ್ತು ಕಿಲೋ ತೂಕದವರು ಸಮತಟ್ಟಾದ ದಾರಿಯಲ್ಲಿ 5 ಕಿಲೋಮೀಟರ್ ನಡೆದರೆ ಸುಮ್ಮನೆ ಕೂತದ್ದಕ್ಕಿಂತ ಸುಮಾರು 200 ಕಿಲೋಕ್ಯಾಲರಿ ಹೆಚ್ಚು ವ್ಯಯವಾಗುತ್ತದೆ. ಮಡಿಕೇರಿಯ ಏರುದಾರಿಗಳಲ್ಲಿ ಇನ್ನಷ್ಟು. ಒಂದು ಕಿಲೋ ದೇಹದ ಕೊಬ್ಬಿಗೆ ಸುಮಾರು 7,700 ಕಿಲೋಕ್ಯಾಲರಿ ಎಂಬ ಹಳೆಯ ಸೂತ್ರದ ಪ್ರಕಾರ, ವರ್ಷಪೂರ್ತಿ ಒಂದು ದಿನವೂ ತಪ್ಪದೆ ನಡೆದವರು ಒಂಬತ್ತು ಕಿಲೋಗೂ ಹೆಚ್ಚು ಇಳಿಯಬೇಕು. ಯಾರೂ ಹಾಗೆ ಇಳಿಯುವುದಿಲ್ಲ. ಸೂತ್ರದ ದೋಷ ಎರಡು ಕಡೆ ಇದೆ: ಮೇಲೆ ಹೇಳಿದ ಉಳಿತಾಯ ಒಂದು, ಹಸಿವು ಇನ್ನೊಂದು. ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಧಿಕ ತೂಕದವರು ಮೇಲ್ವಿಚಾರಣೆಯಲ್ಲಿ ಆರು ತಿಂಗಳು ವ್ಯಾಯಾಮ ಮಾಡಿದಾಗ, ಕಡಿಮೆ ಪ್ರಮಾಣದ ವ್ಯಾಯಾಮದ ಗುಂಪು ಅರ್ಧ ಕಿಲೋಗಿಂತ ಕಡಿಮೆ, ಹೆಚ್ಚಿನ ಪ್ರಮಾಣದ ಗುಂಪು ಸುಮಾರು ಒಂದೂವರೆ ಕಿಲೋ ಮಾತ್ರ ಇಳಿದವು. ಭಾಗವಹಿಸಿದವರು ತಮಗೇ ಅರಿವಿಲ್ಲದಂತೆ ದಿನಕ್ಕೆ ನೂರರ ಆಸುಪಾಸಿನಷ್ಟು ಕಿಲೋಕ್ಯಾಲರಿ ಹೆಚ್ಚು ತಿನ್ನತೊಡಗಿದ್ದರು. ನೂರು ಕಿಲೋಕ್ಯಾಲರಿ ಎಂದರೆ ಒಂದು ಸಣ್ಣ ಅಕ್ಕಿ ರೊಟ್ಟಿ.

ವಯಸ್ಸಿನ ಬಗ್ಗೆಯೂ ಒಂದು ಸಮಾಧಾನ ನಮ್ಮಲ್ಲಿ ಚಾಲ್ತಿಯಲ್ಲಿದೆ: ಮೂವತ್ತು ದಾಟಿದ ಮೇಲೆ, ಮದುವೆಯಾದ ಮೇಲೆ, ಹೆರಿಗೆಯಾದ ಮೇಲೆ ಚಯಾಪಚಯ ನಿಧಾನವಾಗುತ್ತದಂತೆ. 29 ದೇಶಗಳ 6,400ಕ್ಕೂ ಹೆಚ್ಚು ಜನರ, ಎಂಟು ದಿನದ ಶಿಶುವಿನಿಂದ 95 ವರ್ಷದವರ ತನಕದ ಅಳತೆಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಅಧ್ಯಯನ ಈ ಸಮಾಧಾನಕ್ಕೆ ಆಧಾರ ಉಳಿಸಿಲ್ಲ. ದೇಹದ ಗಾತ್ರಕ್ಕೆ ಹೊಂದಿಸಿ ನೋಡಿದರೆ ಇಪ್ಪತ್ತರಿಂದ ಅರವತ್ತರ ತನಕ ಶಕ್ತಿವ್ಯಯ ಸ್ಥಿರವಾಗಿಯೇ ಇರುತ್ತದೆ. ಇಳಿಕೆ ಶುರುವಾಗುವುದು ಅರವತ್ತರ ನಂತರ, ವರ್ಷಕ್ಕೆ ಸುಮಾರು ಶೇ. 0.7ರಂತೆ.

ಇಷ್ಟಾದರೂ ಹಡ್ಜಾಗಳಿಂದ ನೇರವಾಗಿ ನಮ್ಮೂರಿಗೆ ಜಿಗಿಯುವುದು ಸರಿಯಲ್ಲ. ಬೇಕಾದದ್ದು ಬಡ, ಮಧ್ಯಮ, ಶ್ರೀಮಂತ ಸಮಾಜಗಳನ್ನು ಒಂದೇ ಅಳತೆಗೋಲಿನಿಂದ ನೋಡುವ ಹೋಲಿಕೆ. 2025ರ ಜುಲೈನಲ್ಲಿ ಅಂಥ ಅಧ್ಯಯನ ಬಂತು: ಆರು ಖಂಡಗಳ 34 ಜನಸಮುದಾಯಗಳಿಗೆ ಸೇರಿದ 4,213 ವಯಸ್ಕರು, ಬೇಟೆಗಾರರು, ದನಗಾಹಿಗಳು, ರೈತರು, ನಗರವಾಸಿಗಳು. ಆರ್ಥಿಕ ಅಭಿವೃದ್ಧಿಯೊಂದಿಗೆ ದೇಹದ ಗಾತ್ರಕ್ಕೆ ಹೊಂದಿಸಿದ ಶಕ್ತಿವ್ಯಯ ತುಸು ಇಳಿಯುತ್ತದೆ, ನಿಜ. ಆದರೆ ಬೊಜ್ಜಿನ ಏರಿಕೆಯಲ್ಲಿ ಆ ಇಳಿಕೆಯ ಪಾಲು ಸುಮಾರು ಹತ್ತರಲ್ಲಿ ಒಂದು ಮಾತ್ರ. ಉಳಿದದ್ದನ್ನು ಆಹಾರದಲ್ಲಿ ಹುಡುಕಬೇಕು. ಅತಿಯಾಗಿ ಸಂಸ್ಕರಿಸಿದ ತಿನಿಸಿನ ಪಾಲು ಹೆಚ್ಚಿದ್ದ ಸಮುದಾಯಗಳಲ್ಲಿ ದೇಹದ ಕೊಬ್ಬೂ ಹೆಚ್ಚಿತ್ತು. ಇದಕ್ಕೆ ಎರಡು ವರ್ಷ ಮೊದಲು ಜಾನ್ ಸ್ಪೀಕ್‌ಮನ್ ಮತ್ತು ಸಂಗಡಿಗರು ಅಮೆರಿಕ, ಯುರೋಪುಗಳ ಮೂರು ದಶಕಗಳ ಅಳತೆಗಳನ್ನು ನೋಡಿದಾಗ, ಒಟ್ಟು ಶಕ್ತಿವ್ಯಯ ಇಳಿದಿರುವುದು ಕಂಡರೂ ಅದಕ್ಕೆ ಕಾರಣ ಚಟುವಟಿಕೆ ಕುಗ್ಗಿದ್ದಲ್ಲ, ಮೂಲ ಚಯಾಪಚಯವೇ ಇಳಿದದ್ದು ಎಂಬ ವಿಚಿತ್ರ ಸಂಗತಿ ಹೊರಬಿದ್ದಿತ್ತು.

ಈ ವಿಚಾರದಲ್ಲಿ ವಿಜ್ಞಾನಿಗಳೆಲ್ಲ ಒಮ್ಮತಕ್ಕೆ ಬಂದಿಲ್ಲ. ಅದೇ 2025ರಲ್ಲಿ ವರ್ಜೀನಿಯಾ ಟೆಕ್ ಸಂಶೋಧಕರ ತಂಡ, ಕೂತೇ ಇರುವವರಿಂದ ಹಿಡಿದು ಅತಿದೂರದ ಓಟಗಾರರ ತನಕ 75 ಮಂದಿಯನ್ನು ಅದೇ ಭಾರದ ನೀರಿನ ವಿಧಾನದಿಂದ ಅಳೆದು, ಚಟುವಟಿಕೆ ಹೆಚ್ಚಿದಷ್ಟೂ ಒಟ್ಟು ವ್ಯಯ ನೇರವಾಗಿ ಹೆಚ್ಚುತ್ತದೆ, ಮಿತಿಯ ಕುರುಹೇ ಇಲ್ಲ ಎಂದು ವರದಿ ಮಾಡಿತು. ಹೊಟ್ಟೆ ತುಂಬ ತಿನ್ನುವ ಓಟಗಾರನ ದೇಹಕ್ಕೆ ಉಳಿತಾಯದ ಒತ್ತಡವಿಲ್ಲ. ಊಟ ಸಾಲದೆ ದುಡಿಯುವವನ ದೇಹಕ್ಕೆ ಇದೆ. ಎರಡೂ ಬಗೆಯ ಫಲಿತಾಂಶಗಳು ಸರಿಯಿರಬಹುದಾದ ದಾರಿ ಇದೇ ಎಂದು ನನಗನ್ನಿಸುತ್ತದೆ. ಹೊಂದಾಣಿಕೆಯ ಪ್ರಮಾಣ ಎಷ್ಟೆಂಬ ಚರ್ಚೆ ಯಾವ ಕಡೆಗೆ ಇತ್ಯರ್ಥವಾದರೂ, ತೂಕದ ಮೇಲೆ ವ್ಯಾಯಾಮದ ಪರಿಣಾಮ ಸಣ್ಣದು ಎಂಬ ಪ್ರಯೋಗಗಳ ಫಲಿತಾಂಶ ಅದರಿಂದ ಬದಲಾಗುವುದಿಲ್ಲ.

ಹಾಗಾದರೆ ಕೊಡಗಿನ ಊಟದಲ್ಲಿ ಏನು ಬದಲಾಯಿತು? ಪ್ರವಾಸಿಗರೂ ಕೆಲವು ವೈದ್ಯರೂ ಮೊದಲು ಬೆರಳು ತೋರಿಸುವುದು ಪಂದಿಕರಿಯ ಕಡೆಗೆ. ಇದು ಅನ್ಯಾಯ. ಕಾಚಂಪುಳಿ (ಕೊಡಗಿನ ಹುಳಿರಸ) ಹಾಕಿ ಬೇಯಿಸಿದ ಪಂದಿಮಾಂಸದಲ್ಲಿ ಕೊಬ್ಬು ಧಾರಾಳವಾಗಿದೆ ನಿಜ, ಆದರೆ ಅದು ನೂರಿನ್ನೂರು ವರ್ಷಗಳಿಂದ ಇದೆ. ಹೊಸದಾಗಿ ಬಂದದ್ದನ್ನು ಬಿಟ್ಟು ಹಳೆಯದನ್ನು ದೂರುವುದು ತರ್ಕವಲ್ಲ. ಹೊಸದಾಗಿ ಬಂದದ್ದು ಬೇಕರಿ ತಿನಿಸು, ಪೊಟ್ಟಣದ ಕುರುಕಲು, ತಂಪುಪಾನೀಯ, ಪ್ಯಾಕೆಟ್ ಎಣ್ಣೆಯ ಕರಿದ ಪದಾರ್ಥ, ಪ್ರವಾಸಿಗಳಿಗಾಗಿ ತೆರೆದು ಸ್ಥಳೀಯರೂ ರೂಢಿ ಮಾಡಿಕೊಂಡ ಹೋಟೆಲ್ ಊಟ. ಇಂಥ ಆಹಾರದ ಪರಿಣಾಮವನ್ನು ಕೆವಿನ್ ಹಾಲ್ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ನೇರವಾಗಿ ಪರೀಕ್ಷಿಸಿದ್ದರು. 2019ರ ಆ ಪ್ರಯೋಗದಲ್ಲಿ 20 ಮಂದಿ ಆಸ್ಪತ್ರೆಯಲ್ಲೇ ಉಳಿದು ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ಸಾದಾ ಆಹಾರ ತಿಂದರು. ಎದುರಿಗಿಟ್ಟ ಊಟದಲ್ಲಿ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮನಾಗಿದ್ದು, ಎಷ್ಟು ಬೇಕಾದರೂ ತಿನ್ನುವ ಸ್ವಾತಂತ್ರ್ಯವಿತ್ತು. ಸಂಸ್ಕರಿತ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೋಕ್ಯಾಲರಿ ಹೆಚ್ಚು ತಿಂದು ಸುಮಾರು ಒಂದು ಕಿಲೋ ಏರಿದರು, ಸಾದಾ ಆಹಾರದಲ್ಲಿ ಅಷ್ಟೇ ಇಳಿದರು. ಐದು ಕಿಲೋಮೀಟರ್ ನಡಿಗೆಯ 200ರ ಎದುರಿಗೆ ಈ 500ನ್ನು ಇಟ್ಟು ನೋಡಬೇಕು.

ಹಳೆಯ ಊಟದ ಇನ್ನೊಂದು ಗುಣ ಅದರ ಋತುಮಾನ. ಮಳೆಗಾಲದ ಕಕ್ಕಡ ತಿಂಗಳಲ್ಲಿ ಬೈಂಬಳೆ (ಎಳೆಬಿದಿರು), ಅಣಬೆ, ಕೆಸುವಿನ ಸೊಪ್ಪು, ಮದ್ದುಸೊಪ್ಪಿನ ಪಾಯಸ. ಕೈಲ್ ಪೊಳ್ದ್ (ಆಯುಧ ಪೂಜೆಯ ಹಬ್ಬ), ಪುತ್ತರಿ (ಸುಗ್ಗಿ ಹಬ್ಬ)ಗಳಲ್ಲಿ ಮಾಂಸ. ಔತಣ ವರ್ಷದಲ್ಲಿ ಎಣಿಸುವಷ್ಟು ದಿನಗಳಿಗೆ ಸೀಮಿತವಾಗಿತ್ತು. ಈಗ ಡಿಸೆಂಬರಿನಿಂದ ಮೇ ತನಕ ವಾರಕ್ಕೊಂದು ಮದುವೆ, ನಡುವೆ ಗೃಹಪ್ರವೇಶ, ನಾಮಕರಣ, ಮತ್ತು ಎಲ್ಲ ಕಡೆಯೂ ಮದ್ಯ. ಇದರ ಬಗ್ಗೆ ಮಾತನಾಡಿದರೆ ನಮ್ಮಲ್ಲಿ ಕೆಲವರಿಗೆ ಇರಿಸುಮುರಿಸಾಗುತ್ತದೆ, ಆದರೆ ಗಣಿತ ಸರಳ. ಒಂದು ಗ್ರಾಂ ಆಲ್ಕೋಹಾಲಿನಲ್ಲಿ 7 ಕಿಲೋಕ್ಯಾಲರಿ ಇದೆ. ಭಾರತದಲ್ಲಿ ಮಾರುವ ವಿಸ್ಕಿ, ಬ್ರಾಂದಿಗಳ ಸಾಮಾನ್ಯ ಪ್ರಮಾಣವಾದ ಶೇ. 42.8ರ ಲೆಕ್ಕದಲ್ಲಿ 60 ಮಿಲಿಲೀಟರಿನ ಒಂದು ಪೆಗ್ಗಿಗೆ ಸುಮಾರು 140 ಆಗುತ್ತದೆ. ಸಂಜೆ ಎರಡು ಪೆಗ್ ತೆಗೆದುಕೊಂಡವರು ಬೆಳಗಿನ ನಡಿಗೆಯನ್ನು ಪೂರ್ತಿ ಮರಳಿಸಿ, ಮೇಲೊಂದಿಷ್ಟು ಬಡ್ಡಿಯನ್ನೂ ಕಟ್ಟಿದಂತಾಯಿತು. ಜೊತೆಗೆ ತಿಂದ ಕರಿದ ಮಾಂಸ ಬೇರೆ. ಮದ್ಯ ಮುಟ್ಟದವರಿಗೂ ಕಾಫಿ ಇದೆ. ಎರಡು ಚಮಚ ಸಕ್ಕರೆ ಹಾಕಿದ ಕಾಫಿ ದಿನಕ್ಕೆ ಐದು ಲೋಟವಾದರೆ ಸಕ್ಕರೆಯೊಂದರಿಂದಲೇ 150 ಕಿಲೋಕ್ಯಾಲರಿ ದಾಟುತ್ತದೆ. ಕಾಫಿ ಬೆಳೆಯುವ ನಾಡಿನಲ್ಲಿ ಬೆಳೆದವರಿಗೆ ಕಾಫಿಯ ರುಚಿಯನ್ನು ಸಕ್ಕರೆಯಿಂದ ಮುಚ್ಚುವ ಅಗತ್ಯವೇನಿದೆಯೋ ನನಗೆ ತಿಳಿಯದು.

ಭಾರತೀಯರ ಊಟದ ದೊಡ್ಡ ದೋಷ ಇವೆಲ್ಲಕ್ಕಿಂತ ಸಾಮಾನ್ಯವಾದದ್ದು. ಇಂಡಿಯಾಬ್ ತಂಡ 2025ರಲ್ಲಿ ಪ್ರಕಟಿಸಿದ ಆಹಾರ ಸಮೀಕ್ಷೆಯ ಪ್ರಕಾರ ನಮ್ಮ ಒಟ್ಟು ಶಕ್ತಿಯ ಶೇ. 62ರಷ್ಟು ಬರುವುದು ಪಿಷ್ಟ ಮತ್ತು ಸಕ್ಕರೆಗಳಿಂದ, ಅದರಲ್ಲೂ ಹೆಚ್ಚಾಗಿ ಪಾಲಿಶ್ ಮಾಡಿದ ಅಕ್ಕಿ, ಸಂಸ್ಕರಿಸಿದ ಧಾನ್ಯಗಳಿಂದ. ಬೆಳಗ್ಗೆ ಅಕ್ಕಿ ರೊಟ್ಟಿ ಅಥವಾ ನೂಲ್‌ಪುಟ್ಟು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ ಎಂಬ ಪದ್ಧತಿಯಲ್ಲಿ ಈ ಅಂಕಿಯನ್ನು ಕೊಡಗು ಸುಲಭವಾಗಿ ಗುರುತಿಸಿಕೊಳ್ಳಬಹುದು. ಗದ್ದೆಯ ಕೆಂಪಕ್ಕಿಯ ಜಾಗಕ್ಕೆ ಅಂಗಡಿಯ ಬಿಳಿ ಅಕ್ಕಿ ಬಂದದ್ದೂ, ಗದ್ದೆ ಪಾಳು ಬಿದ್ದದ್ದೂ ಒಂದೇ ಕಥೆಯ ಎರಡು ಭಾಗಗಳು.

ದುಡಿಮೆಗೂ ಹಸಿವಿಗೂ ಇರುವ ಸಂಬಂಧದ ಬಗ್ಗೆ ನಮ್ಮ ದೇಶದಲ್ಲೇ ನಡೆದ ಒಂದು ಹಳೆಯ ಅಧ್ಯಯನವಿದೆ, ಅದು ತೋಟದ ಜಿಲ್ಲೆಗೆ ನೇರವಾಗಿ ತಾಗುತ್ತದೆ. ಜೀನ್ ಮೇಯರ್ ಎಂಬ ಪೋಷಣಾ ವಿಜ್ಞಾನಿ ಭಾರತೀಯ ಸಹೋದ್ಯೋಗಿಗಳೊಂದಿಗೆ ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಯ 213 ಕೆಲಸಗಾರರ ಆಹಾರ, ತೂಕ, ಕೆಲಸದ ಸ್ವರೂಪಗಳನ್ನು ದಾಖಲಿಸಿ 1956ರಲ್ಲಿ ಪ್ರಕಟಿಸಿದರು. ಕಲ್ಲಿದ್ದಲು ಹೊರುವವರಿಂದ ಹಿಡಿದು ಹಗುರ ಕೆಲಸದವರ ತನಕ, ದುಡಿಮೆ ಹೆಚ್ಚಿದಂತೆ ಊಟವೂ ಹೆಚ್ಚಿ, ತೂಕ ಸಮನಾಗಿಯೇ ಇತ್ತು. ಆದರೆ ದಿನವಿಡೀ ಕೂತಿರುತ್ತಿದ್ದ ಗುಮಾಸ್ತರು, ಮೇಲ್ವಿಚಾರಕರು, ಅಂಗಡಿಯವರಲ್ಲಿ ಈ ಹೊಂದಾಣಿಕೆ ಮುರಿದಿತ್ತು. ಅವರು ಹೊರೆಯಾಳುಗಳಷ್ಟೇ ಅಥವಾ ಅದಕ್ಕೂ ಹೆಚ್ಚು ತಿನ್ನುತ್ತಿದ್ದರು, ಅವರ ತೂಕವೂ ಹೆಚ್ಚಿತ್ತು. ನಮ್ಮ ತೋಟಗಳಲ್ಲಿ ಚೆಕ್‌ರೋಲ್ ಬರೆಯುವ ರೈಟರ್, ಬೈಕಿನಲ್ಲಿ ಸುತ್ತುವ ಮೇಲ್ವಿಚಾರಕ, ವರಾಂಡದಲ್ಲಿ ಕೂತ ಮಾಲೀಕ ಒಂದು ಕಡೆ; ಮರಗಸಿಗೆ (ನೆರಳಿನ ಮರದ ಕೊಂಬೆ ಕಡಿಯಲು) ಮರ ಹತ್ತುವವನು, ಚೀಲ ಹೊತ್ತು ಕಣಕ್ಕೆ ಸಾಗಿಸುವವನು, ಇಳಿಜಾರಿನಲ್ಲಿ ನಿಂತು ಕಾಫಿ ಕುಯ್ಯುವವಳು ಇನ್ನೊಂದು ಕಡೆ. ಸೆಣಬಿನ ಗಿರಣಿಯ ಸಾಲು ಇಲ್ಲಿಯೂ ಹಾಗೆಯೇ ಇದೆ. ಗುಮಾಸ್ತರೂ ಹೊರೆಯಾಳುಗಳೂ ಜಾತಿ, ಸಂಬಳ, ಮನೆಯ ಅಡುಗೆ ಎಲ್ಲದರಲ್ಲೂ ಬೇರೆಯಾಗಿದ್ದರಲ್ಲ ಎಂಬ ಆಕ್ಷೇಪ ಈ ಅಧ್ಯಯನದ ಮೇಲಿದೆ, ಅದು ಸರಿಯೇ. ಆದರೂ ತೀರಾ ಕಡಿಮೆ ಓಡಾಟದಲ್ಲಿ ಹಸಿವಿನ ಲಗಾಮು ಸಡಿಲವಾಗುತ್ತದೆ ಎಂಬ ಅದರ ಮುಖ್ಯ ಸೂಚನೆ ಇನ್ನೂ ಬಿದ್ದುಹೋಗಿಲ್ಲ. ಹಿರಿಯರ ವಿವರಣೆಯಲ್ಲಿರುವ ಸತ್ಯಾಂಶವನ್ನು ಹುಡುಕಬೇಕಾದದ್ದು ಇಲ್ಲಿ: ದುಡಿಮೆ ಕೊಬ್ಬನ್ನು ಕರಗಿಸುತ್ತಿದ್ದುದಕ್ಕಿಂತ ಹಸಿವನ್ನು ಅಂಕೆಯಲ್ಲಿಟ್ಟಿತ್ತು ಎಂದರೆ ಹೆಚ್ಚು ಸರಿಯಾದೀತು.

ಇದನ್ನೆಲ್ಲ ಓದಿ ನಡಿಗೆ ನಿಲ್ಲಿಸಬಹುದೆಂದು ತೀರ್ಮಾನಿಸುವವರು ಅಪಾಯಕ್ಕೆ ಕೈಹಾಕಿದಂತೆ. ಬ್ರಿಟನ್ನಿನ ಸಂಶೋಧಕ ಜೆರ್ರಿ ಮಾರಿಸ್ 1953ರಲ್ಲಿ ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರುಗಳಿಗೆ, ಕೂತೇ ಇರುತ್ತಿದ್ದ ಚಾಲಕರಿಗಿಂತ ಹೃದ್ರೋಗ ಕಡಿಮೆ ಎಂದು ತೋರಿಸಿದ ದಿನದಿಂದ ಈ ಕ್ಷೇತ್ರದ ಸಾಕ್ಷ್ಯ ಬೆಳೆಯುತ್ತಲೇ ಇದೆ. ನಮಗೆ ಇನ್ನೂ ಹತ್ತಿರದ್ದು 2006ರಲ್ಲಿ ಚೆನ್ನೈನಿಂದ ಬಂದ ಭಾರತೀಯ ಮಧುಮೇಹ ತಡೆ ಅಧ್ಯಯನ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಮಂದಿಯಲ್ಲಿ ಆಹಾರ ಮತ್ತು ನಡಿಗೆಯ ಬದಲಾವಣೆ ಮಾಡಿಕೊಂಡ ಗುಂಪಿನಲ್ಲಿ ಕಾಯಿಲೆ ತಗಲುವ ಸಂಭವ ಶೇ. 28.5ರಷ್ಟು ಇಳಿಯಿತು, ಮತ್ತು ಇದು ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇಲ್ಲದೆಯೇ ಆಯಿತು. ಸ್ನಾಯು ದುಡಿದಾಗ ಇನ್ಸುಲಿನ್ನಿನ ನೆರವು ಹೆಚ್ಚು ಇಲ್ಲದೆಯೇ ರಕ್ತದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಯಕೃತ್ತಿನಲ್ಲೂ ಕರುಳಿನ ಸುತ್ತಲೂ ಕೂತ ಕೊಬ್ಬು ವ್ಯಾಯಾಮದಿಂದ ಕರಗುತ್ತದೆ, ತೂಕದ ಮುಳ್ಳು ಕದಲದಿದ್ದರೂ. ಪಾಂಟ್ಸರ್ ಹೇಳುವ ಉಳಿತಾಯ ಕೂಡ ಇಲ್ಲಿ ಲಾಭವೇ ಆಗಬಹುದು: ಹೊಟ್ಟೆ ತುಂಬಿದ, ಕೂತೇ ಇರುವ ದೇಹದಲ್ಲಿ ಅನಗತ್ಯ ಉರಿಯೂತಕ್ಕೆ ಹೋಗುತ್ತಿದ್ದ ಶಕ್ತಿ ವ್ಯಾಯಾಮಕ್ಕೆ ತಿರುಗಿದರೆ ನಷ್ಟವೇನು?

ತೊಂದರೆ ಇರುವುದು ನಡಿಗೆಯನ್ನು ತೂಕದ ಆಸೆ ತೋರಿಸಿ ಮಾರುವುದರಲ್ಲಿ. ಎರಡು ತಿಂಗಳು ನಡೆದು ಒಂದು ಕಿಲೋ ಕೂಡ ಇಳಿಯದವರು ‘ಪ್ರಯೋಜನವಿಲ್ಲ’ ಎಂದು ಬಿಡುತ್ತಾರೆ. ಅಷ್ಟರಲ್ಲಿ ಅವರ ರಕ್ತದೊತ್ತಡವೂ ಸಕ್ಕರೆಯೂ ಇಳಿಯತೊಡಗಿದ್ದನ್ನು ಯಾರೂ ಅವರಿಗೆ ತೋರಿಸಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಚಟುವಟಿಕೆ, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲದ ವ್ಯಾಯಾಮ. ಎರಡನೆಯ ಭಾಗ ನಮ್ಮಲ್ಲಿ ಸಲಹೆಯ ಚೀಟಿಗೇ ಬರುವುದಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಮಳೆ ಹಿಡಿದು ಕೂರುವ, ಸಿದ್ದಾಪುರ, ವಿರಾಜಪೇಟೆ ಕಡೆಯ ತೋಟದ ರಸ್ತೆಗಳಲ್ಲಿ ಮುಂಜಾನೆ ಆನೆಯ ಭಯವಿರುವ ಜಿಲ್ಲೆಯಲ್ಲಿ ‘ಬೆಳಗ್ಗೆ ಐದಕ್ಕೆ ವಾಕಿಂಗ್’ ಎಂಬುದು ಬೇರೆ ಊರಿಗೆ ಬರೆದ ಸಲಹೆ. ಮನೆಯೊಳಗೇ ಮಾಡಬಹುದಾದ ಬೈಠಕ್, ಗೋಡೆಗೆ ಕೈಕೊಟ್ಟು ಮಾಡುವ ದಂಡ, ಭಾರ ಎತ್ತುವುದು ಇಲ್ಲಿಗೆ ಹೆಚ್ಚು ಒಗ್ಗುತ್ತವೆ. 1997ರಲ್ಲಿ ಕರಡದಲ್ಲಿ 60 ತಂಡಗಳೊಂದಿಗೆ ಶುರುವಾದ ಕೊಡವ ಕುಟುಂಬಗಳ ಹಾಕಿ ಉತ್ಸವ ಅಜ್ಜ, ಮೊಮ್ಮಗಳನ್ನು ಒಂದೇ ತಂಡದಲ್ಲಿ ಆಡಿಸುತ್ತದೆ ಎಂಬುದು ಹೆಮ್ಮೆಯ ವಿಷಯ. ಆದರೆ ವರ್ಷದ ಉಳಿದ ಹನ್ನೊಂದು ತಿಂಗಳು ಕೋಲು ಮುಟ್ಟದೆ ಏಪ್ರಿಲಿನಲ್ಲಿ ಏಕಾಏಕಿ ಓಡುವ ಐವತ್ತರ ಹರೆಯದವರ ಮಂಡಿಗೂ ಹೃದಯಕ್ಕೂ ಅದು ಕಷ್ಟವೇ.

ಇಳಿಸಿದ ತೂಕವನ್ನು ಕಾಯ್ದುಕೊಳ್ಳುವ ಹಂತದಲ್ಲಿ ಮಾತ್ರ ವ್ಯಾಯಾಮ ನಿಜಕ್ಕೂ ತೂಕದ ಮೇಲೆ ಕೆಲಸ ಮಾಡುತ್ತದೆ. ಅಮೆರಿಕದ ತೂಕ ಇಳಿಸುವ ದೂರದರ್ಶನ ಸ್ಪರ್ಧೆಯೊಂದರ 14 ಮಂದಿಯನ್ನು ಹಾಲ್ ಅವರ ತಂಡ ಆರು ವರ್ಷಗಳ ನಂತರ ಮತ್ತೆ ಅಳೆದು 2016ರಲ್ಲಿ ಪ್ರಕಟಿಸಿದಾಗ, ಅವರ ವಿಶ್ರಾಂತ ಚಯಾಪಚಯ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕಿಲೋಕ್ಯಾಲರಿ ಕಡಿಮೆಯೇ ಉಳಿದಿತ್ತು, ಬಹುತೇಕರು ಮತ್ತೆ ದಪ್ಪಗಾಗಿದ್ದರು. ತೂಕ ಉಳಿಸಿಕೊಂಡವರು ಓಡಾಟವನ್ನು ಗಣನೀಯವಾಗಿ ಹೆಚ್ಚಿಸಿಕೊಂಡವರಾಗಿದ್ದರು. 2025ರ ಮಾರ್ಚಿನಲ್ಲಿ ಭಾರತಕ್ಕೆ ಬಂದ ಟಿರ್ಜೆಪಟೈಡ್, ಜೂನಿನಲ್ಲಿ ಬಂದ ತೂಕ ಇಳಿಕೆಯ ಸೆಮಾಗ್ಲುಟೈಡ್ ಚುಚ್ಚುಮದ್ದುಗಳಿಗೂ ಈ ಮಾತು ಅನ್ವಯಿಸುತ್ತದೆ. ಸೆಮಾಗ್ಲುಟೈಡಿನ ಮುಖ್ಯ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಶೇ. 14.9ರಷ್ಟು ತೂಕ ಇಳಿಯಿತು. ನಿಲ್ಲಿಸಿದ ಒಂದು ವರ್ಷದಲ್ಲಿ ಅದರ ಮೂರನೇ ಎರಡು ಭಾಗ ವಾಪಸಾಯಿತು. ಇಳಿಯುವ ತೂಕದಲ್ಲಿ ಸ್ನಾಯುವೂ ಸೇರಿರುವುದರಿಂದ ಈ ಔಷಧಿ ತೆಗೆದುಕೊಳ್ಳುವವರಿಗೆ ಬಲದ ವ್ಯಾಯಾಮ ಇನ್ನೂ ಮುಖ್ಯ. ಈ ಔಷಧಿಗಳು ಕೆಲಸ ಮಾಡುವುದು ಮುಖ್ಯವಾಗಿ ಹಸಿವಿನ ಮೇಲೆ, ಶಕ್ತಿವ್ಯಯದ ಮೇಲಲ್ಲ ಎಂಬುದೂ ಊಟವೇ ದೊಡ್ಡ ಕಾರಣ ಎಂಬ ವಾದಕ್ಕೆ ಪುಷ್ಟಿ ಕೊಡುತ್ತದೆ.

ಈಗ ಆರಂಭದಲ್ಲಿ ಬಿಟ್ಟುಬಂದ ಅಂತರಕ್ಕೆ ಬರೋಣ. ಕುಟುಂಬ ಆರೋಗ್ಯ ಸಮೀಕ್ಷೆ ಬಳಸುವುದು ತೂಕ, ಎತ್ತರಗಳ ಅನುಪಾತವಾದ ಬಿಎಂಐ 25ರ ಗೆರೆಯನ್ನು. ಭಾರತೀಯರಿಗೆ ಈ ಗೆರೆ ಹೊಂದುವುದಿಲ್ಲ. ಪುಣೆಯ ಮಧುಮೇಹ ತಜ್ಞ ಸಿ. ಎಸ್. ಯಾಜ್ನಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿ ಇದನ್ನು ತೋರಿಸಿದ್ದರು: ಇಬ್ಬರ ಬಿಎಂಐ ಕೂಡ 22.3, ಆದರೆ ಯುಡ್ಕಿನ್ ಅವರ ದೇಹದ ಕೊಬ್ಬು ಶೇ. 9.1, ಯಾಜ್ನಿಕ್ ಅವರದು ಶೇ. 21.2. ಅದಕ್ಕಾಗಿಯೇ ಭಾರತೀಯ ತಜ್ಞರು ಅಧಿಕ ತೂಕದ ಗೆರೆಯನ್ನು 23ಕ್ಕೂ, ಸೊಂಟದ ಗೆರೆಯನ್ನು ಪುರುಷರಿಗೆ 90, ಮಹಿಳೆಯರಿಗೆ 80 ಸೆಂಟಿಮೀಟರಿಗೂ ಇಳಿಸಿದ್ದಾರೆ.

ಈ ತೆಳು ಮೈಯೊಳಗಿನ ಕೊಬ್ಬಿನ ವಿಚಾರ ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್‌ಮನೆಗಳಲ್ಲಿ ಹೆಚ್ಚು ಗಂಭೀರವಾಗುತ್ತದೆ. ಯರವ, ಜೇನುಕುರುಬ ಕುಟುಂಬಗಳಿಗೂ, ಹೊರರಾಜ್ಯಗಳಿಂದ ಬಂದ ಕೂಲಿಗಳಿಗೂ ಹಡ್ಜಾ ಅಧ್ಯಯನದ ಪಾಠ ತೋಟದ ಮಾಲೀಕರಿಗೆ ಇದ್ದಂತಿಲ್ಲ. ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ 55 ಕಿಲೋ ತೂಕದ ಮಹಿಳೆಗೆ ಕೂತು ಮಾಡುವ ಕೆಲಸದಲ್ಲಿ ದಿನಕ್ಕೆ 1,660, ಭಾರದ ಕೆಲಸದಲ್ಲಿ 2,720 ಕಿಲೋಕ್ಯಾಲರಿ ಬೇಕೆಂದು ನಿಗದಿಪಡಿಸಿವೆ. ಈ ಪಟ್ಟಿ ಮೂಲ ಚಯಾಪಚಯವನ್ನು ಚಟುವಟಿಕೆಯ ಗುಣಾಂಕದಿಂದ ಗುಣಿಸಿ ಪಡೆದದ್ದು. ದೇಹ ಹೊಂದಿಕೊಳ್ಳುತ್ತದೆ, ಹಾಗಾಗಿ ಅಷ್ಟು ಬೇಕಾಗಿಲ್ಲ ಎಂದು ಯಾರಾದರೂ ಹೊಸ ವಿಜ್ಞಾನದ ಹೆಸರಿನಲ್ಲಿ ವಾದಿಸಬಹುದು. ಆ ವಾದ ತಪ್ಪು ಮಾತ್ರವಲ್ಲ, ಕ್ರೂರವೂ ಹೌದು. ಊಟ ಸಾಲದ ದೇಹ ಉಳಿಸುವುದು ಅನಗತ್ಯ ಉರಿಯೂತದಿಂದಲ್ಲ. ರೋಗನಿರೋಧಕ ಶಕ್ತಿಯಿಂದ, ಗರ್ಭದಿಂದ, ಮಕ್ಕಳಾದರೆ ಬೆಳವಣಿಗೆಯಿಂದ. ಅಮೆಜಾನಿನ ಶುಆರ್ ಮಕ್ಕಳನ್ನು ಅಳೆದ 2019ರ ಅಧ್ಯಯನದಲ್ಲಿ ಒಟ್ಟು ಶಕ್ತಿವ್ಯಯ ಅಮೆರಿಕದ ಮಕ್ಕಳಷ್ಟೇ ಇದ್ದರೂ ವಿಶ್ರಾಂತ ವ್ಯಯ ಸುಮಾರು ಶೇ. 20 ಹೆಚ್ಚಿತ್ತು, ಸೋಂಕುಗಳೊಡನೆ ಹೋರಾಡುವ ವೆಚ್ಚ ಅದಕ್ಕೊಂದು ಕಾರಣ. ಆ ವೆಚ್ಚವನ್ನು ತೂಗಿಸಲು ದೇಹ ಬೇರೆಡೆ ಕೈ ಬಿಗಿಹಿಡಿದಿತ್ತು.

ಗರ್ಭದಲ್ಲಿ ಪೋಷಣೆ ಸಾಲದೆ ಹುಟ್ಟಿದ ಮಗು ಮುಂದೆ ತೆಳ್ಳಗಿದ್ದೂ ಕೊಬ್ಬು ಹೆಚ್ಚಿರುವ ದೇಹವನ್ನು ಪಡೆಯುತ್ತದೆ ಎಂಬುದು ಯಾಜ್ನಿಕ್ ಅವರ ದೀರ್ಘಕಾಲದ ವಾದ. ಹಾಗಿರುವಾಗ ಇಂದು ಲೈನ್‌ಮನೆಯ ಗರ್ಭಿಣಿಯ ಊಟದಲ್ಲಿ ಆದ ಕೊರತೆ, ಅವಳ ಮಗ ಮುಂದೆ ಮರ ಹತ್ತುವುದನ್ನು ಬಿಟ್ಟು ಕುಶಾಲನಗರದಲ್ಲಿ ಆಟೋ ಓಡಿಸತೊಡಗಿದಾಗ ನಲವತ್ತಕ್ಕೆ ಮೊದಲೇ ಸಕ್ಕರೆ ಕಾಯಿಲೆಯಾಗಿ ಹೊರಬರಬಹುದು, ಮತ್ತು ಆಗ ಅವನ ಬಿಎಂಐ 22 ಇದ್ದರೆ ಬೊಜ್ಜಿನ ಯಾವ ಪಟ್ಟಿಯಲ್ಲೂ ಅವನ ಹೆಸರು ಇರುವುದಿಲ್ಲ. ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಮನೆಮನೆ ತಪಾಸಣೆಯಲ್ಲಿ ಸೊಂಟದ ಸುತ್ತಳತೆಯನ್ನು ದಾಖಲಿಸುವ ನಮೂನೆ ಸರ್ಕಾರದಲ್ಲಿ ಈಗಾಗಲೇ ಇದೆ. ಟೇಪು ಹಿಡಿದು ಸರಿಯಾಗಿ ಅಳೆದು, ಆ ಅಳತೆಯನ್ನು ತೋಟದ ಮಾಲೀಕರ ಮನೆಯಲ್ಲೂ ಲೈನ್‌ಮನೆಯಲ್ಲೂ ಒಂದೇ ಗಾಂಭೀರ್ಯದಿಂದ ತೆಗೆದುಕೊಂಡರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಬಿಎಂಐ ಕೊಡದ ಮಾಹಿತಿ ಸಿಗುತ್ತದೆ. ಅದಕ್ಕೆ ತಗಲುವ ಹೆಚ್ಚುವರಿ ವೆಚ್ಚ ಒಂದು ಟೇಪಿನದು.